ಕುದುರೆಯ ಬೆನ್ನು, ಮಾರ್ವಾಡದ ದಾರಿ

ರಾಜಸ್ಥಾನದ ಶೇಖಾವಾಟಿ ಸೀಮೆಯಲ್ಲಿ ಕುದುರೆ ಏರಿ ಊರೊಳಗೆ ಹೋದರೆ ಜನ ಮೊದಲು ಮಾತಾಡಿಸುವುದು ಕುದುರೆಯನ್ನು, ಆಮೇಲೆ ನಮ್ಮನ್ನು. ಜೀಪಿನಲ್ಲಿ ಬಂದವರಿಗೆ ಮಕ್ಕಳು ಕೈಬೀಸುತ್ತಾರೆ, ಅಂಗಡಿಯವರು ಒಳಗೆ ಬನ್ನಿ ಎನ್ನುತ್ತಾರೆ, ಅಷ್ಟೆ. ಕುದುರೆ ಬಂತೆಂದರೆ ಕಟ್ಟೆಯ ಮೇಲೆ ಕೂತ ಮುದುಕರೂ ಎದ್ದು ಬರುತ್ತಾರೆ. ನವಲ್‌ಗಢದ ಹತ್ತಿರದ ಒಂದು ಹಳ್ಳಿಯಲ್ಲಿ ಹೀಗೆ ಎದ್ದು ಬಂದ ಹಿರಿಯರೊಬ್ಬರು ನಾನು ಏರಿದ್ದ ಹೆಣ್ಣುಕುದುರೆಯ ಗಂಟಲ ಕೆಳಗೆ ಕೈಯಾಡಿಸಿ ಸುಳಿ ಹುಡುಕಿದರು. ಸಿಕ್ಕಿತು. ಮುಖ ಅರಳಿತು. ಪಕ್ಕದಲ್ಲಿದ್ದ, ಕುದುರೆ ನೋಡಿಕೊಳ್ಳುವ ಸಾಯಿಸನನ್ನು ಅವರು ಕೇಳಿದ ಮೊದಲ ಮಾತು, "ಇದರ ತಾಯಿ ಯಾವ ಊರಿನದು?" ನನ್ನ ಊರು ಯಾವುದೆಂದು ಕೇಳಿದ್ದು ಚಹಾ ಬಂದ ಮೇಲೆ.

ಗಂಟಲ ಬಳಿಯ ಆ ಸುಳಿಗೆ ಅಲ್ಲಿ 'ದೇವಮನ್' ಎನ್ನುತ್ತಾರೆ. ಅದು ಇದ್ದರೆ ಒಡೆಯನಿಗೆ ಒಳಿತು ಎಂಬ ನಂಬಿಕೆ. ಎತ್ತು ಕೊಳ್ಳುವಾಗ ಸುಳಿ ನೋಡುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿ ಅವರಿಗೂ ಶುಭ. ನಮ್ಮ ಅಜ್ಜಿಯರ ಕಥೆಗಳಲ್ಲಿ ರಾಜಕುಮಾರ ಏರಿ ಹೊರಡುತ್ತಿದ್ದುದೂ ಅದನ್ನೇ. ಸಾವಿರಾರು ರೂಪಾಯಿ ಖರ್ಚು ಮಾಡಿ ಕೋಟೆ, ಹವೇಲಿ, ಛತ್ರಿ ಎಂಬ ಸ್ಮಾರಕಗಳನ್ನು ನೋಡಲು ಬಂದ ನನಗೆ ಆ ಹೊತ್ತಿಗೆ ಹೊಳೆದದ್ದು ಇಷ್ಟು: ಈ ನಾಡಿನ ಹಳೆಯ ಬಾಳಿನ ಒಂದು ತುಂಡು ನನ್ನ ತೊಡೆಗಳ ನಡುವೆ ಉಸಿರಾಡುತ್ತಿದೆ, ನಾನು ಮಾತ್ರ ಅದನ್ನು ವಾಹನವೆಂದುಕೊಂಡಿದ್ದೇನೆ.

ಕುದುರೆ ಸವಾರಿಯ ಜೊತೆಗೆ ಸೀಮೆಯ ಸಂಸ್ಕೃತಿಯನ್ನೂ ನೋಡಿಸುವ ಪ್ರವಾಸಗಳು ಜಗತ್ತಿನ ಹಲವೆಡೆ ಇವೆ. ಭಾರತದಲ್ಲಿ ಅದು ಗಟ್ಟಿಯಾಗಿ ಬೇರುಬಿಟ್ಟಿರುವುದು ರಾಜಸ್ಥಾನದಲ್ಲಿ. 'ಹಾರ್ಸ್ ಸಫಾರಿ' ಎಂಬ ಹೆಸರಿನಲ್ಲಿ ಒಂದು ವಾರದಿಂದ ಹತ್ತು ಹನ್ನೆರಡು ದಿನಗಳವರೆಗೆ ನಡೆಯುತ್ತದೆ. ದಿನಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್, ಐದಾರು ಗಂಟೆ ತಡಿಯ ಮೇಲೆ. ರಾತ್ರಿ ಒಮ್ಮೆ ಡೇರೆಯಲ್ಲಿ, ಒಮ್ಮೆ ಹೋಟೆಲ್ ಆಗಿರುವ ಹಳೆಯ ಠಾಕೂರರ ಕೋಟೆಯಲ್ಲಿ. ಸಾಮಾನು ಜೀಪಿನಲ್ಲಿ ಮುಂದೆ ಹೋಗಿರುತ್ತದೆ. ಕಾಲ ಅಕ್ಟೋಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ. ಅದರಾಚೆ ಬಿಸಿಲಿಗೆ ಕುದುರೆಯೂ ತಾಳದು, ಸವಾರನೂ ತಾಳಲಾರ. ಬರುವವರಲ್ಲಿ ವಿದೇಶಿಯರೇ ಹೆಚ್ಚು. ಈಚೆಗೆ ಬೆಂಗಳೂರು, ಪುಣೆ, ಮುಂಬಯಿಯ ಸವಾರಿ ಶಾಲೆಗಳಲ್ಲಿ ಕಲಿತವರೂ ಬರತೊಡಗಿದ್ದಾರೆ. ಈ ಸವಾರಿ ನಾಡನ್ನು ನಿಜವಾಗಿ ತೋರಿಸುತ್ತದೆಯೇ, ಆ ಕುದುರೆ ತಳಿಯನ್ನು ಉಳಿಸುತ್ತದೆಯೇ, ದಾರಿಯ ಹಳ್ಳಿಗಳಿಗೆ ಏನು ಬಿಟ್ಟುಹೋಗುತ್ತದೆ? ಕೇಳಲೇಬೇಕಾದ ಪ್ರಶ್ನೆಗಳು ಇವು.

ಮೊದಲು ಕುದುರೆಯ ಕಥೆ, ಏಕೆಂದರೆ ಈ ಪ್ರವಾಸ ಹುಟ್ಟಿದ್ದೇ ಅದರಿಂದ. ಮಾರ್ವಾಡಿ ಕುದುರೆಯ ಗುರುತು ಅದರ ಕಿವಿ. ಎರಡೂ ಕಿವಿಗಳು ಒಳಕ್ಕೆ ಬಾಗಿ ತುದಿಗಳು ಒಂದಕ್ಕೊಂದು ತಾಗುವಂತಿರುತ್ತವೆ. ಗುಜರಾತಿನ ಕಾಠಿಯಾವಾಡಿ ತಳಿಯೊಂದನ್ನು ಬಿಟ್ಟರೆ ಈ ಬಾಗು ಬೇರೆಲ್ಲೂ ಇಷ್ಟು ಎದ್ದು ಕಾಣದು. ಜೋಧ್‌ಪುರದ ರಾಠೋಡರು ಶತಮಾನಗಳ ಕಾಲ ಸಾಕಿ ಬೆಳೆಸಿದ ತಳಿ ಇದು. ಒಣಗಾಳಿ, ಮರಳು, ಕಡಿಮೆ ಮೇವು, ದೂರದ ದಾರಿ ಎಲ್ಲಕ್ಕೂ ಒಗ್ಗಿದೆ. ಇದರ ಹುಟ್ಟುಗುಣದಂತಿರುವ ಒಂದು ನಡಿಗೆಗೆ 'ರೇವಾಲ್' ಎನ್ನುತ್ತಾರೆ. ಕುಕ್ಕುಲೋಟದಲ್ಲಿ ಸವಾರ ಮೇಲೆ ಕೆಳಗೆ ಕುಲುಕಾಡುತ್ತಾನೆ. ರೇವಾಲಿನಲ್ಲಿ ಕುದುರೆಯ ಕಾಲುಗಳು ಒಂದಾದ ಮೇಲೊಂದು ಸರಸರನೆ ಬೀಳುತ್ತವೆ, ಬೆನ್ನು ಮಾತ್ರ ಅಲುಗದೆ ಹರಿಯುತ್ತದೆ. ಕೈಯಲ್ಲಿ ತುಂಬಿದ ಲೋಟ ಹಿಡಿದರೂ ಚೆಲ್ಲದು ಎಂದು ಸಾಯಿಸರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಲೋಟ ಹಿಡಿದು ನೋಡಲಿಲ್ಲ. ಆದರೆ ಮೂರನೆಯ ದಿನ ಸಂಜೆ ನನ್ನ ಸೊಂಟ ನೋಯುತ್ತಿರಲಿಲ್ಲ ಎಂಬುದನ್ನು ಸಾಕ್ಷಿಯಾಗಿ ಹೇಳಬಲ್ಲೆ.

ಈ ತಳಿ ಎರಡು ಬಾರಿ ಅಳಿವಿನ ಅಂಚಿಗೆ ಹೋಗಿ ಬಂದಿದೆ. ಬ್ರಿಟಿಷ್ ಆಳ್ವಿಕೆಯಲ್ಲಿ ಸೈನ್ಯ ಮತ್ತು ಪೋಲೋ ಆಟಕ್ಕೆ ಹೊರನಾಡಿನ ಕುದುರೆಗಳಿಗೆ ಮಣೆ ಸಿಕ್ಕಿ, ದೇಸಿ ಕುದುರೆ ಕೀಳೆನಿಸಿತು. ಬಾಗಿದ ಕಿವಿಯೇ ಗೇಲಿಯ ವಸ್ತುವಾಯಿತು. 1930ರ ದಶಕದಲ್ಲಿ ಜೋಧ್‌ಪುರದ ಮಹಾರಾಜ ಉಮೇದ್ ಸಿಂಗ್ ಒಳ್ಳೆಯ ಗಂಡುಕುದುರೆಗಳನ್ನು ಹುಡುಕಿ ತರಿಸಿ ತಳಿಗೆ ಮರುಜೀವ ಕೊಟ್ಟರು. ಸ್ವಾತಂತ್ರ್ಯಾನಂತರ ಮತ್ತೆ ಪೆಟ್ಟು ಬಿತ್ತು. 1952ರ ಜಾಗೀರು ರದ್ದತಿ ಕಾಯಿದೆಯಿಂದ ರಾಜಸ್ಥಾನದ ಠಾಕೂರರ ಜಮೀನು ಹೋಯಿತು. ಜಮೀನಿನ ಜೊತೆಗೆ ಲಾಯಗಳೂ ಖಾಲಿಯಾದವು. ಸಾಕಲಾರದೆ ಎಷ್ಟೋ ಕುದುರೆಗಳನ್ನು ಮಾರಿದರು, ಬೀಜ ಒಡೆಸಿದರು, ಕೊಂದದ್ದೂ ಉಂಟು. 1971ರಲ್ಲಿ ರಾಜಧನವೂ ನಿಂತಿತು. ಕಾಯಿದೆ ನ್ಯಾಯವಾದದ್ದೇ; ಉಳುವವನಿಗೆ ನೆಲ ಸಿಗಬೇಕಾಗಿತ್ತು. ಆದರೆ ಕುದುರೆಗೆ ನೆರಳಾಗಿದ್ದ ಚಪ್ಪರ ಬಿದ್ದುಹೋದಾಗ ಅದಕ್ಕೆ ಬೇರೆ ಚಪ್ಪರ ಯಾರೂ ಕಟ್ಟಲಿಲ್ಲ.

ಬೇರೆ ಚಪ್ಪರ ಬಂದದ್ದು ಪ್ರವಾಸೋದ್ಯಮದಿಂದ. ಆದಾಯವಿಲ್ಲದ ಠಾಕೂರ ಮನೆತನಗಳು ತಮ್ಮ ಕೋಟೆಗಳನ್ನು ಹೋಟೆಲ್ ಮಾಡಿದವು, ಕೆಲವರು ಉಳಿದ ನಾಲ್ಕಾರು ಕುದುರೆಗಳಿಗೆ ತಡಿ ಹಾಕಿ ಅತಿಥಿಗಳನ್ನು ಊರು ಸುತ್ತಿಸಿದರು. ಶೇಖಾವಾಟಿಯ ಡೂಂಡ್ಲೋದ್ ಕೋಟೆಯ ರಘುವೇಂದ್ರ ಸಿಂಗ್, ಜೋಧ್‌ಪುರದ ದಕ್ಷಿಣಕ್ಕಿರುವ ರೋಹಟ್‌ನ ಠಾಕೂರ ಮನೆತನ ಈ ದಾರಿ ತೆರೆದವರಲ್ಲಿ ಸೇರಿದ್ದಾರೆ. ಇನ್ನೊಂದು ಕಾರಣವೂ ಇದೆ. ಮಾರ್ವಾಡಿ ಕುದುರೆಯ ರಫ್ತಿಗೆ ಬಿಗಿ ನಿರ್ಬಂಧ ಇರುವುದರಿಂದ ಹೊರದೇಶಗಳಲ್ಲಿ ಅದು ಬಲು ಅಪರೂಪ. ಬ್ರಿಟಿಷ್ ಮೂಲದ ಫ್ರಾನ್ಸೆಸ್ಕಾ ಕೆಲ್ಲಿ 2000ದಲ್ಲಿ ಮೊದಲ ಬಾರಿ ಅಮೆರಿಕಕ್ಕೆ ಕೊಂಡೊಯ್ದರು. ಆಮೇಲೆ ಹೋದವು ಬೆರಳೆಣಿಕೆಯಷ್ಟು. ಈ ಕುದುರೆಯ ಮೇಲೆ ಕೂರಬೇಕೆನ್ನುವವನು ಕುದುರೆಯಿದ್ದಲ್ಲಿಗೇ ಬರಬೇಕು. ಈ ಒಂದು ನಿರ್ಬಂಧ ರಾಜಸ್ಥಾನದ ಸವಾರಿ ಪ್ರವಾಸಕ್ಕೆ ಮಾಡಿದ ಉಪಕಾರವನ್ನು ಯಾವ ಜಾಹೀರಾತೂ ಮಾಡಿಲ್ಲ.

ಜಗತ್ತಿನ ಸವಾರರೆಲ್ಲ ತೊಡುವ ಪ್ಯಾಂಟಿಗೆ ಜೋಧ್‌ಪುರದ ಹೆಸರು ಅಂಟಿರುವುದೂ ಇಲ್ಲಿಂದಲೇ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕೆ ಲಂಡನ್ನಿಗೆ ಹೋದ ಸರ್ ಪ್ರತಾಪ್ ಸಿಂಗ್ ಮತ್ತು ಅವರ ಪೋಲೋ ತಂಡ ತೊಟ್ಟಿದ್ದ, ತೊಡೆಯಲ್ಲಿ ಸಡಿಲವಾಗಿ ಮೊಣಕಾಲ ಕೆಳಗೆ ಬಿಗಿಯಾದ ಉಡುಪು ಅಲ್ಲಿ ಜನಪ್ರಿಯವಾಯಿತು. ಕನ್ನಡಿಗರಿಗೆ ಜೋಧ್‌ಪುರದ ಜೊತೆ ಇನ್ನೂ ಗಾಢವಾದ ನಂಟಿದೆ. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದ್ದು ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ ಪಡೆಗಳು. ಮೆಷಿನ್‌ಗನ್ನುಗಳೆದುರು ಈಟಿ ಹಿಡಿದು ಕುದುರೆ ಓಡಿಸಿದ ಆ ದಿನ ಜೋಧ್‌ಪುರದ ಮೇಜರ್ ದಲಪತ್ ಸಿಂಗ್ ಮಡಿದರು. ಕಾರ್ಮೆಲ್ ಬೆಟ್ಟದ ಏರಿನಲ್ಲಿ ಫಿರಂಗಿಗಳ ಮೇಲೆ ನುಗ್ಗಿದವರಲ್ಲಿ ಮೈಸೂರಿನ ರಾವುತರಿದ್ದರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧ್‌ಪುರ, ಮೈಸೂರು ಪಡೆಗಳನ್ನು ನೆನಪಿಸುತ್ತವೆ. ಜೋಧ್‌ಪುರದ ಮೆಹ್ರಾನ್‌ಗಢ ಕೋಟೆಗೆ ಹೋಗುವ ಕನ್ನಡಿಗರು ಇದನ್ನು ನೆನೆದು ಹೋದರೆ ಆ ಕೋಟೆ ಪರರದು ಅನ್ನಿಸುವುದಿಲ್ಲ.

ಸವಾರಿಗೆ ಹೇಳಿ ಮಾಡಿಸಿದ ಸೀಮೆ ಎಂದರೆ ನನ್ನ ಮಟ್ಟಿಗೆ ಶೇಖಾವಾಟಿ. ಝುಂಝುನು, ಸೀಕರ್, ಚೂರು ಜಿಲ್ಲೆಗಳ ಈ ಒಣನಾಡಿನಲ್ಲಿ ನವಲ್‌ಗಢ, ಡೂಂಡ್ಲೋದ್, ಮಂಡಾವಾ, ಫತೇಪುರ, ರಾಮಗಢ ಎಂಬ ಊರುಗಳು ಕುದುರೆಯ ಒಂದೊಂದು ದಿನದ ನಡಿಗೆಯೊಳಗೇ ಇವೆ. ಅದು ಆಕಸ್ಮಿಕವೇನಲ್ಲ. ಗುಜರಾತಿನ ಬಂದರುಗಳಿಂದ ದೆಹಲಿಗೆ ಹೋಗುವ ಒಂಟೆ ಸಾರ್ಥಗಳ ದಾರಿ ಇದು. ಅಫೀಮು, ಹತ್ತಿ, ಸಾಂಬಾರ ಪದಾರ್ಥ ಹೊತ್ತ ಪ್ರಾಣಿಗಳಿಗೆ ರಾತ್ರಿ ತಂಗಲು ಊರು ಬೇಕಿತ್ತು, ನೀರು ಬೇಕಿತ್ತು. ವ್ಯಾಪಾರಿಗಳಿಗೆ ಕಡಿಮೆ ಸುಂಕ ಬೇಕಿತ್ತು. ಚೂರುವಿನ ಪೋದ್ದಾರರು ಉಣ್ಣೆಯ ಮೇಲಿನ ತೆರಿಗೆಗೆ ಮುನಿದು ಊರು ಬಿಟ್ಟು 1791ರಲ್ಲಿ ರಾಮಗಢವನ್ನೇ ಕಟ್ಟಿಕೊಂಡರು. ಕಾರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವವನಿಗೆ ಈ ಅಂತರದ ಅರ್ಥ ತಿಳಿಯದು. ಬೆಳಿಗ್ಗೆ ಏಳಕ್ಕೆ ತಡಿ ಬಿಗಿದು, ನಡುಹಗಲು ಖೇಜಡಿ ಮರದ ನೆರಳಲ್ಲಿ ಕುದುರೆಗೆ ನೀರು ತೋರಿಸಿ, ಸಂಜೆ ಊರ ಬಾಗಿಲು ಕಂಡವನಿಗೆ ಮೈಯೇ ಅದನ್ನು ಹೇಳಿಕೊಡುತ್ತದೆ.

ದಾರಿಯಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವುದು ಬಾವಿಗಳು. ಎತ್ತರದ ಜಗತಿ, ಅದರ ನಾಲ್ಕು ಮೂಲೆಗೆ ನಾಲ್ಕು ಮಿನಾರು. ಗುಡ್ಡ ತೋಪುಗಳಿಲ್ಲದ ಮರಳುನಾಡಿನಲ್ಲಿ ಆ ಮಿನಾರುಗಳೇ ದಾರಿಗಲ್ಲು. ಜಗತಿಯ ಬದಿಯಲ್ಲಿ ದನಕರುಗಳಿಗೆ ಕುಡಿಯುವ ತೊಟ್ಟಿ, ಎತ್ತು ಇಳಿದು ಹತ್ತುತ್ತಿದ್ದ ಇಳಿಜಾರು. ನಾನು ನೋಡಿದ ಒಂದು ಬಾವಿಯ ಅಂಚಿನ ಕಲ್ಲಿನಲ್ಲಿ ಹಗ್ಗ ತಿಂದ ಗೆರೆಗಳು ಬೆರಳಿಟ್ಟರೆ ಒಳಗೆ ಹೋಗುವಷ್ಟು ಆಳವಾಗಿದ್ದವು. ಈಗ ಅದರೊಳಗೆ ಪ್ಲಾಸ್ಟಿಕ್ ಚೀಲಗಳಿವೆ, ಪಕ್ಕದಲ್ಲೇ ಕೊಳವೆಬಾವಿಯ ಮೋಟಾರು ಗುಂಯ್‌ಗುಡುತ್ತಿದೆ.

ಊರೊಳಗಿನ ಹವೇಲಿಗಳು, ಅಂದರೆ ಸೇಠರ ದೊಡ್ಡ ಮನೆಗಳು, ಶೇಖಾವಾಟಿಯ ಹೆಸರನ್ನು ಹೊರಗೆ ಒಯ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಾರ ಕಲ್ಕತ್ತಾ, ಮುಂಬಯಿ ಕಡೆ ಹರಿದಾಗ ಇಲ್ಲಿನ ಮಾರ್ವಾಡಿ ಸೇಠರೂ ಅಲ್ಲಿಗೆ ಹೋದರು. ಪಿಲಾನಿಯ ಬಿರ್ಲಾ ಮನೆತನ ಈ ಸೀಮೆಯದೇ. ದುಡಿದ ಹಣ ಹುಟ್ಟೂರಿಗೆ ಬಂತು, ಗೋಡೆ ಗೋಡೆಯ ಮೇಲೆ ಚಿತ್ರವಾಯಿತು. ಚಿತ್ರ ಬರೆದವರು ಚೇಜಾರರೆಂಬ ಗಾರೆ ಕೆಲಸದವರು. ಮನೆ ಕಟ್ಟಿದ ಕೈಯೇ ಚಿತ್ರವನ್ನೂ ಬಿಡಿಸಿತು. ಸುಣ್ಣದ ಗಾರೆಯನ್ನು ಪದರ ಪದರವಾಗಿ ಬಳಿದು, ಕೊನೆಯ ನುಣುಪು ಪದರ ಹಸಿಯಿರುವಾಗಲೇ ಕಾಡಿಗೆಯ ಕಪ್ಪು, ಕಾವಿಯ ಕೆಂಪು, ನೀಲಿಯ ನೀಲ ಹಚ್ಚಿ, ಅಗೇಟು ಕಲ್ಲಿನಿಂದ ಉಜ್ಜಿ, ಮೇಲೆ ಕೊಬ್ಬರಿಎಣ್ಣೆ ಸವರುತ್ತಿದ್ದರು. ಬಣ್ಣ ಗೋಡೆಯ ಮೇಲೆ ಕೂರುವುದಿಲ್ಲ, ಗೋಡೆಯೊಳಗೆ ಸೇರುತ್ತದೆ. ನೂರೈವತ್ತು ವರ್ಷದ ಬಿಸಿಲು ತಿಂದೂ ಉಳಿದಿರುವುದು ಅದಕ್ಕೇ. ರಾಧಾಕೃಷ್ಣರು, ಒಂಟೆಯೇರಿದ ಜನಪದ ಪ್ರೇಮಿಗಳು ಢೋಲಾ ಮಾರು, ಆನೆ ಕುದುರೆಗಳ ಸಾಲು. ಆಮೇಲಾಮೇಲೆ ರೈಲು, ಗ್ರಾಮಫೋನು, ಮೋಟಾರು ಕಾರು, ವಿಮಾನ. ರೈಲನ್ನೇ ನೋಡದ ಚೇಜಾರನೊಬ್ಬ ಸೇಠರು ಹೇಳಿದ್ದು ಕೇಳಿ ಬರೆದಿರಬೇಕು. ಎಷ್ಟೋ ರೈಲುಗಳು ಚಕ್ರ ಹಾಕಿದ ಮನೆಸಾಲಿನಂತಿವೆ. ನನಗೆ ಅವೇ ಅಚ್ಚುಮೆಚ್ಚು.

ಇಲ್ಲಿ ಕುದುರೆಯ ಬೆನ್ನು ಒಂದು ಉಪಕಾರ ಮಾಡುತ್ತದೆ. ತಡಿಯ ಮೇಲೆ ಕೂತವನ ಕಣ್ಣು ನೆಲದಿಂದ ಎಂಟಡಿ ಮೇಲಿರುತ್ತದೆ. ಕಾಲುನಡಿಗೆಯವನು ಕತ್ತೆತ್ತಿ ನೋಡುವ ಚಿತ್ರಪಟ್ಟಿ ಸವಾರನ ಮುಖದೆದುರಿಗೇ ಬರುತ್ತದೆ. ಹಳೆಯ ಕಾಲದಲ್ಲಿ ಮನೆಗೆ ಬರುವ ದೊಡ್ಡ ಅತಿಥಿಗಳು ಕುದುರೆ ಒಂಟೆಗಳ ಮೇಲೆಯೇ ಬರುತ್ತಿದ್ದರಲ್ಲವೇ? ಅವರ ಕಣ್ಣಿನ ಮಟ್ಟಕ್ಕೆ ಈ ಚಿತ್ರಗಳನ್ನು ಇಟ್ಟಿರಬಹುದೆಂದು ನನ್ನ ಊಹೆ. ಅದು ತಪ್ಪಿರಬಹುದು, ಆದರೆ ಗಲ್ಲಿಗಳ ಅಗಲ, ಬಾಗಿಲುಗಳ ಎತ್ತರ, ಹೊರ ಅಂಗಳದ ಗೂಟಗಳು ಎಲ್ಲವೂ ಪ್ರಾಣಿಯ ಅಳತೆಗೆ ಕಟ್ಟಿದವು ಎಂಬುದು ಪ್ರಾಣಿಯ ಮೇಲೆ ಕೂತಾಗ ಯಾರಿಗೂ ತಿಳಿಯುತ್ತದೆ. ಇಲೇ ಕೂಪರ್ ಎಂಬ ಇಂಗ್ಲಿಷ್ ಬರಹಗಾರರು ವರ್ಷಗಟ್ಟಲೆ ಈ ಸೀಮೆ ಅಲೆದು ಹವೇಲಿಗಳನ್ನು ಒಂದೊಂದಾಗಿ ದಾಖಲಿಸಿದರು. ಫತೇಪುರದಲ್ಲಿ ನದೀನ್ ಲ ಪ್ರಾನ್ಸ್ ಎಂಬ ಫ್ರೆಂಚ್ ಕಲಾವಿದೆ 1998ರಲ್ಲಿ ಒಂದು ಹವೇಲಿ ಕೊಂಡು ದುರಸ್ತಿ ಮಾಡಿದರು. ನವಲ್‌ಗಢದ ಪೋದ್ದಾರ್ ಹವೇಲಿ ವಸ್ತುಸಂಗ್ರಹಾಲಯವಾಗಿದೆ. ಇವು ಬೆರಳೆಣಿಕೆಯವು. ಉಳಿದ ನೂರಾರು ಮನೆಗಳಿಗೆ ಬೀಗ, ಕಾವಲಿಗೆ ಒಂದು ಚೌಕೀದಾರ ಕುಟುಂಬ, ಗೋಡೆಗೆ ಮೊಬೈಲ್ ಕಂಪನಿಯ ಬಣ್ಣ. ಸವಾರಿ ಪ್ರವಾಸದವರು ಈ ಬೀಗ ಬಿದ್ದ ಮನೆಗಳ ಚೌಕೀದಾರರಿಗೆ ಗೊತ್ತಾದ ಹಣ ಕೊಟ್ಟು ಅತಿಥಿಗಳಿಗೆ ಬಾಗಿಲು ತೆಗೆಸಿದರೆ, ಹತ್ತು ಹವೇಲಿಗಳ ಅಂಗಳದಲ್ಲಿ ಕಸ ಗುಡಿಸಿದಂತಾಗುತ್ತದೆ. ಕೆಲವು ಕಡೆ ಇದು ನಡೆಯುತ್ತಿದೆ, ಸಾಲದು.

ಜೋಧ್‌ಪುರದ ಸುತ್ತಿನ ಮಾರ್ವಾಡದಲ್ಲಿ ಚಿತ್ರ ಕಡಿಮೆ, ಕಥೆ ಜಾಸ್ತಿ. ಲೂಣಿ ನದಿಯ ಒಣ ಪಾತ್ರ, ಮರ, ಪ್ರಾಣಿಗಳನ್ನು ಕಾಯುವ ಬಿಷ್ಣೋಯಿ ಸಮುದಾಯದ ಊರುಗಳು, ಕುದುರೆಗೆ ಹೆದರದೆ ನಿಲ್ಲುವ ಜಿಂಕೆಗಳು. 1730ರಲ್ಲಿ ಜೋಧ್‌ಪುರದ ಅರಮನೆಯ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಖೇಜಡಿ ಮರ ಕಡಿಯಲು ಆಳುಗಳು ಬಂದಾಗ ಬಿಷ್ಣೋಯಿಗಳ ಅಮೃತಾದೇವಿ ಮರ ಅಪ್ಪಿ ನಿಂತು ಪ್ರಾಣ ಕೊಟ್ಟಳು. ಅವಳ ಬೆನ್ನಿಗೆ ಸುತ್ತಲಿನ ಊರುಗಳವರು. ಸತ್ತವರು 363 ಮಂದಿ. ಊರ ಹೆಸರು ಖೇಜಡ್ಲಿ. ಆ ಖೇಜಡಿ ಬೇರೆ ಯಾವುದೂ ಅಲ್ಲ, ವಿಜಯದಶಮಿಯ ದಿನ ನಾವು ಎಲೆ ಕೊಟ್ಟು ಬಂಗಾರ ಎನ್ನುವ ಬನ್ನಿ, ಪಾಂಡವರು ಆಯುಧ ಬಚ್ಚಿಟ್ಟ ಶಮಿ. ಅಲ್ಲಿ ಅದರ ಕಾಯಿ ಪಲ್ಯವಾಗುತ್ತದೆ, ಸೊಪ್ಪು ಮೇಕೆಗೆ, ನೆರಳು ಬೆಳೆಗೆ. ನಮ್ಮ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ನೆನಪಾಗುವ ಮರದಡಿ ಐದು ದಿನ ಊಟಕ್ಕೆ ಕೂತಾಗ ನನಗೆ ನಾಚಿಕೆಯೂ ಆಯಿತು, ಧೈರ್ಯವೂ ಬಂತು.

ಮಾರ್ವಾಡದ ದೇವರುಗಳೂ ಕುದುರೆಯೇರಿದವರು. ಪಾಬೂಜಿ, ರಾಮದೇವ, ತೇಜಾಜಿ, ಗೋಗಾಜಿ, ಯಾರ ಮೂರ್ತಿ ನೋಡಿದರೂ ಕೆಳಗೊಂದು ಕುದುರೆ. ಪೋಖರಣದ ಬಳಿಯ ರಾಮದೇವರಾದಲ್ಲಿ ಹಿಂದೂಗಳೂ ಮುಸ್ಲಿಮರೂ ಹರಕೆಗೆ ಬಟ್ಟೆಯ ಕುದುರೆ ಒಪ್ಪಿಸುತ್ತಾರೆ. ನಮ್ಮ ಮೈಲಾರಲಿಂಗನನ್ನು ಬಲ್ಲವರಿಗೆ ಕುದುರೆಯೇರಿದ ದೇವರು ಹೊಸಬನಲ್ಲ. ಪಾಬೂಜಿಯ ಕಥೆಯಂತೂ ನಮ್ಮ ವೀರಗಲ್ಲುಗಳ ಕಥೆಯೇ. ದೇವಲ್ ಎಂಬ ಚಾರಣ ಜಾತಿಯ ಹೆಣ್ಣುಮಗಳು ಕೇಸರ ಕಾಲಮೀ ಎಂಬ ಕಪ್ಪು ಹೆಣ್ಣುಕುದುರೆಯನ್ನು ಪಾಬೂಜಿಗೆ ಕೊಡುತ್ತಾಳೆ; ಬದಲಿಗೆ ತನ್ನ ಹಸುಗಳನ್ನು ಕಾಯುವ ಮಾತು ಪಡೆಯುತ್ತಾಳೆ. ಅವನ ಮದುವೆಯ ಹೊತ್ತಿಗೇ ಹಸುಗಳ ಅಪಹರಣವಾಗುತ್ತದೆ. ಸಪ್ತಪದಿ ಮುಗಿಯುವ ಮೊದಲೇ ಎದ್ದು ಕುದುರೆಯೇರಿದವನು ತುರು ಬಿಡಿಸಿ ಸಾಯುತ್ತಾನೆ. ತುರುಗೋಳಿನಲ್ಲಿ ಮಡಿದವರ ಕಲ್ಲುಗಳು ನಮ್ಮ ಊರೂರಿನ ಹೊರಗೆ ನಿಂತಿವೆ. ಅವನ್ನು ಓದಬಲ್ಲ ಕನ್ನಡಿಗ ಈ ಕಥೆ ಕೇಳಿ ಬೆಚ್ಚುತ್ತಾನೆ.

ಈ ಕಥೆಯನ್ನು ಹಾಡುವವರು ನಾಯಕ ಸಮುದಾಯದ ಭೋಪಾಗಳು. ಹದಿನೈದಡಿ ಉದ್ದದ ಫಡ್ ಎಂಬ ಚಿತ್ರಪಟ ಕಟ್ಟಿ, ಅದರೆದುರು ಗಂಡ ರಾವಣಹತ್ಥ ನುಡಿಸುತ್ತ ಹಾಡಿದರೆ ಹೆಂಡತಿ ಭೋಪಿ ದೀಪ ಹಿಡಿದು ಕಥೆ ನಡೆಯುವ ಜಾಗಕ್ಕೆ ಬೆಳಕು ತೋರಿಸಿ ದನಿಗೂಡುತ್ತಾಳೆ. ಪಟವೇ ಅವರ ಗುಡಿ. ಸಂಜೆ ಶುರುವಾದ ಹಾಡು ಬೆಳಗಾಗುವವರೆಗೆ. ಇಡೀ ಕಥೆ ಮುಗಿಯಲು ಹಲವು ರಾತ್ರಿ ಬೇಕು. ಪಟ ಹಳತಾದರೆ ಎಸೆಯುವುದಿಲ್ಲ, ಮಾರುವುದಿಲ್ಲ. ಪುಷ್ಕರದ ನೀರಿನಲ್ಲಿ ಮುಳುಗಿಸಿ 'ತಣ್ಣಗೆ' ಮಾಡುತ್ತಾರೆ. ಸವಾರಿ ಪ್ರವಾಸದ ಕಾರ್ಯಕ್ರಮಪಟ್ಟಿಯಲ್ಲಿ ಇದು 'ಜಾನಪದ ಸಂಜೆ' ಎಂಬ ಇಪ್ಪತ್ತು ನಿಮಿಷ. ಬೆಂಕಿಯ ಸುತ್ತ ಕುರ್ಚಿ, ಕೈಯಲ್ಲಿ ಗ್ಲಾಸು, ಹಾಡಿನ ನಡುವೆ ಊಟದ ಕರೆ. ಅಂಥದೊಂದು ಸಂಜೆಯಲ್ಲಿ ನಾನೂ ಕೂತಿದ್ದೆ. ಹಾಡು ನಿಂತ ಮೇಲೆ ಪಟ ಸುತ್ತುತ್ತಿದ್ದ ಭೋಪಾನ ಬಳಿಗೆ ಹೋಗಿ ಮುಂದಿನ ಕಥೆ ಏನೆಂದು ಕೇಳಿದೆ. ಅವನು ಪಟವನ್ನು ಮತ್ತೆ ಬಿಚ್ಚಿದ. ಆ ರಾತ್ರಿ ಎರಡು ಗಂಟೆಯವರೆಗೆ ಸಾಯಿಸರು, ಅಡುಗೆಯವನು, ನಾನು, ಜರ್ಮನಿಯ ಒಬ್ಬ ಹಿರಿಯ ಹೆಂಗಸು, ಕಂಬಳಿ ಹೊದ್ದು ಕೂತೆವು. ಕುದುರೆಯ ಹೆಸರು ಬಂದಾಗಲೆಲ್ಲ ಸಾಯಿಸರು ಕೈಮುಗಿದರು. ಅವರು ದಿನವೂ ಮೈಯುಜ್ಜುವ ಪ್ರಾಣಿ ಆ ಹಾಡಿನಲ್ಲಿತ್ತು.

ಮಾರ್ವಾಡದ ಹಾಡುಗಳನ್ನು ಇನ್ನೊಬ್ಬರು ಕೂತು ಕೇಳಿದ್ದರು: ಜಾನಪದ ವಿದ್ವಾಂಸ ಕೋಮಲ್ ಕೋಠಾರಿ. ಕಥೆಗಾರ ವಿಜಯದಾನ ದೇಥಾ ಅವರ ಜೊತೆ 1960ರಲ್ಲಿ ಬೋರುಂದಾ ಗ್ರಾಮದಲ್ಲಿ ರೂಪಾಯನ ಸಂಸ್ಥಾನ ಕಟ್ಟಿ, ಲಂಗಾ ಮತ್ತು ಮಾಂಗಣಿಯಾರ್ ಗಾಯಕರನ್ನು ಜಗತ್ತಿನ ವೇದಿಕೆಗೆ ತಂದವರು. ಹಾಡುವವನಿಗೆ ಗೌರವದ ಸಂಭಾವನೆ, ಪೂರಾ ಹೊತ್ತು ಕೇಳುವ ಕಿವಿ, ಎರಡನ್ನೂ ಅವರು ಕೊಟ್ಟರು. ಸವಾರಿ ಪ್ರವಾಸದವರು ಅವರಿಂದ ಕಲಿಯುವುದು ಬಹಳವಿದೆ. ವಾರದಲ್ಲಿ ಆರು 'ಜಾನಪದ ಸಂಜೆ'ಗಳ ಬದಲು ಒಂದೇ ಒಂದು ಇಡೀ ರಾತ್ರಿಯ ಜಾಗರಣ ಇಡಲಿ, ಹಳ್ಳಿಯ ಜನರನ್ನೂ ಕೂರಿಸಲಿ. ಮರುದಿನ ಕುದುರೆಗಳಿಗೂ ಬಿಡುವು ಸಿಗುತ್ತದೆ.

ಮೇವಾಡದ ಕಡೆ, ಕುಂಭಲ್‌ಗಢ, ದೇವಗಢಗಳ ಗುಡ್ಡಗಾಡಿನಲ್ಲಿ, ಸವಾರಿ ಕಣ್ಣಿಗೆ ಹಬ್ಬ, ಕುದುರೆಯ ಗೊರಸಿಗೆ ಕಷ್ಟ. 1576ರ ಜೂನ್ 18ರ ಹಲ್ದೀಘಾಟಿಯ ಕಾಳಗ, ಗಾಯಗೊಂಡೂ ರಾಣಾ ಪ್ರತಾಪನನ್ನು ಹೊತ್ತು ಹೊಳೆ ಜಿಗಿದು ಸತ್ತ ಚೇತಕ್, ಅದರ ಸಮಾಧಿ, ಇದನ್ನೆಲ್ಲ ಹೆಚ್ಚು ಹೇಳಬೇಕಿಲ್ಲ, ಪಠ್ಯಪುಸ್ತಕಗಳು ಹೇಳಿವೆ. ಮೇಳಗಳದ್ದು ಬೇರೆ ಮಾತು. ಕಾರ್ತಿಕದಲ್ಲಿ ಪುಷ್ಕರಕ್ಕೆ ಎಲ್ಲರೂ ಹೋಗುತ್ತಾರೆ, ಅಲ್ಲಿ ಈಗ ಕ್ಯಾಮೆರಾಗಳೇ ಜಾಸ್ತಿ. ಕುದುರೆಯನ್ನು ಕುದುರೆಯಾಗಿ ನೋಡಬೇಕೆಂದರೆ ಚೈತ್ರದಲ್ಲಿ ಲೂಣಿಯ ಒಣ ಪಾತ್ರದ ಮರಳಿನ ಮೇಲೆ ನಡೆಯುವ ತಿಲವಾಡಾದ ಮಲ್ಲಿನಾಥ ಜಾತ್ರೆಗೆ ಹೋಗಬೇಕು. ಕೊಳ್ಳುವವನು ಕುದುರೆಯ ಬಾಯಿ ತೆರೆದು ಹಲ್ಲು ಎಣಿಸುವುದು, ಮಾರುವವನು ರೇವಾಲ್ ಓಡಿಸಿ ತೋರಿಸುವುದು, ಚೌಕಾಸಿ, ಅಲ್ಲಿ ಪ್ರವಾಸಿಗೆ ಯಾರೂ ಯಾವುದನ್ನೂ ಆಡಿ ತೋರಿಸುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳದೆ ಬಿಡಬಾರದ ಮಾತೊಂದಿದೆ. ಕುದುರೆ ರಾಜಸ್ಥಾನದಲ್ಲಿ ಬರೀ ಪ್ರಾಣಿಯಲ್ಲ, ಅಂತಸ್ತು. ಯಾರು ಅದರ ಮೇಲೆ ಕೂರಬಹುದು, ಯಾರು ಇಳಿದು ನಡೆಯಬೇಕು ಎಂಬುದನ್ನು ಜಾತಿ ಗೊತ್ತುಮಾಡಿತ್ತು, ಹಲವು ಹಳ್ಳಿಗಳಲ್ಲಿ ಇಂದಿಗೂ ಮಾಡುತ್ತಿದೆ. ದಲಿತ ಮದುಮಗ ಬಿಂದೋಲಿ ಮೆರವಣಿಗೆಯಲ್ಲಿ ಕುದುರೆಯೇರಿದ್ದಕ್ಕೆ ಕಲ್ಲು ತೂರಿದ, ಇಳಿಸಿದ ಸುದ್ದಿಗಳು ಮದುವೆಯ ಕಾಲ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಬರುತ್ತವೆ. ಪೊಲೀಸ್ ಕಾವಲಿನಲ್ಲಿ ಮೆರವಣಿಗೆ ಹೊರಟಿದ್ದೂ ಉಂಟು. ಹೊರಗಿನಿಂದ ಬಂದ ನಮಗೆ, ಹಣ ಕೊಟ್ಟೆವೆಂಬ ಒಂದೇ ಕಾರಣಕ್ಕೆ, ಅದೇ ಬೀದಿಗಳಲ್ಲಿ ಕುದುರೆಯ ಮೇಲೆ ಕೂತು ಸಾಗುವ ಹಕ್ಕು ಸಿಗುತ್ತದೆ. ಕುದುರೆಗೆ ಹುಲ್ಲು ಹಾಕಿ ಲದ್ದಿ ಎತ್ತುವವನಿಗೆ ತನ್ನ ಮದುವೆಯ ದಿನ ಆ ಹಕ್ಕಿತ್ತೇ? ರಜಪೂತ ಶೌರ್ಯದ ಕಥೆಯನ್ನಷ್ಟೇ ಹೇಳಿ ಇದನ್ನು ಮರೆಸುವ ಮಾರ್ಗದರ್ಶಿ ಅರ್ಧ ರಾಜಸ್ಥಾನವನ್ನು ಬಚ್ಚಿಟ್ಟಂತೆ. ಪರಂಪರೆಯ ಪ್ರವಾಸ ಎಂದು ಹೆಸರಿಟ್ಟ ಮೇಲೆ ಪರಂಪರೆಯ ಗಾಯವನ್ನೂ ತೋರಿಸಬೇಕು.

ಇನ್ನು ಕುದುರೆಯ ಗಾಯ. ನನ್ನ ಮೊದಲ ಸವಾರಿ ಪ್ರವಾಸ, ಹೆಸರು ಬೇಡ, ಬೇರೊಂದು ತಂಡದ ಜೊತೆ. ಎರಡನೆಯ ಸಂಜೆ ತಡಿ ಬಿಚ್ಚಿದಾಗ ನನ್ನ ಕುದುರೆಯ ಹೆಗಲು ಬೆನ್ನು ಕೂಡುವ ಕಡೆ ಅಂಗೈಯಗಲ ಚರ್ಮ ಕಿತ್ತುಬಂದಿತ್ತು. ಹಳೆಯ ಹುಣ್ಣು, ಮೇಲೆ ಅರಿಸಿನ ಮೆತ್ತಿ ಕಂಬಳಿ ಮುಚ್ಚಿದ್ದರು. ಎರಡು ದಿನ ಅದರ ಮೇಲೆ ನನ್ನ ಎಪ್ಪತ್ತಾರು ಕಿಲೋ ಕೂತಿತ್ತು. ಕುದುರೆ ಒಮ್ಮೆಯೂ ಎಗರಲಿಲ್ಲ, ಕಚ್ಚಲಿಲ್ಲ. ಮೂರನೆಯ ದಿನದಿಂದ ನಾನು ಜೀಪಿನಲ್ಲಿ ಹೋದೆ. ಆ ಕುದುರೆಗೆ ಮಾತ್ರ ಬೇರೊಬ್ಬ ಸವಾರ ಸಿಕ್ಕ. ಇಂದಿಗೂ ಅದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. ಅಂದು ಜಗಳವಾಡಿಯಾದರೂ ಅದನ್ನು ಬಿಡಿಸಬೇಕಾಗಿತ್ತು.

ಹಾಗೆಂದು ಎಲ್ಲ ಲಾಯಗಳೂ ಹಾಗಿಲ್ಲ. ಒಳ್ಳೆಯ ಕಡೆ ಸವಾರನ ತೂಕ ಮೊದಲೇ ಕೇಳುತ್ತಾರೆ, ಎಂಬತ್ತೈದು ತೊಂಬತ್ತು ಕಿಲೋ ದಾಟಿದವರಿಗೆ ಇಲ್ಲ ಎನ್ನುತ್ತಾರೆ. ಒಂದೆರಡು ಕುದುರೆ ಹೆಚ್ಚಿಗೆ ತಂದು ಸರದಿಯಲ್ಲಿ ಬಿಡುವು ಕೊಡುತ್ತಾರೆ. ಲಾಳಗಾರ ಜೊತೆಗೇ ಬರುತ್ತಾನೆ. ನೀರಿಗೆ ನಿಂತ ಕಡೆಯೆಲ್ಲ ಹೊಟ್ಟೆಯ ಪಟ್ಟಿ ಸಡಿಲಿಸುತ್ತಾರೆ. ಬಾಯೊಳಗೆ ಮುಳ್ಳು ಕಡಿವಾಣ ಹಾಕುವುದನ್ನು ಭಾರ ಎಳೆಯುವ, ಹೊರುವ ಪ್ರಾಣಿಗಳ ಕುರಿತ 1965ರ ನಿಯಮಗಳೇ ನಿಷೇಧಿಸಿವೆ. ಮದುವೆ ಮೆರವಣಿಗೆಯ ಕುದುರೆಗಳಲ್ಲಿ ಅದು ಇನ್ನೂ ಕಾಣುತ್ತದೆ, ಒಳ್ಳೆಯ ಸವಾರಿ ಲಾಯಗಳಲ್ಲಿ ಕಾಣದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಲಕ್ಷಣ, ಪಳಗಿಸುವಿಕೆ, ಕುದುರೆಯೇರಿ ಚೆಂಡಾಡುವ ವಿನೋದಗಳನ್ನೆಲ್ಲ ಬರೆಸಿದ್ದಾನೆ. ಕನ್ನಡದಲ್ಲಿ ಅಭಿನವಚಂದ್ರ 'ಅಶ್ವವೈದ್ಯ'ವನ್ನೇ ಬರೆದ. ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳುವುದು ಪಶ್ಚಿಮದಿಂದ ಬಂದ ಹೊಸ ನಾಜೂಕಲ್ಲ. ಈ ನೆಲದ ಹಳೆಯ ವಿದ್ಯೆ.

2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.25 ಲಕ್ಷ ಕುದುರೆ ಮತ್ತು ತಟ್ಟುಗಳಿದ್ದವು. 2019ರಲ್ಲಿ 3.4 ಲಕ್ಷ. ಏಳೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಮಾಯ. ಟಾಂಗಾ ಹೋಯಿತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಕುರಿಹಿಂಡಿನ ಸಾಮಾನಿಗೆ ಟೆಂಪೋ ಬಂತು. ನಮ್ಮ ಬೆಳಗಾವಿ ಕಡೆಯ ಕುರುಬರು ಡೇರೆ, ಪಾತ್ರೆ, ಎಳೆಯ ಕುರಿಮರಿಗಳನ್ನು ಹೇರಿಕೊಂಡು ಹೋಗುವ ಗಿಡ್ಡ ಕುದುರೆಗಳು ಇನ್ನೂ ರಸ್ತೆ ಬದಿಯಲ್ಲಿ ಕಾಣುತ್ತವೆ. ಎಷ್ಟು ದಿನ ಕಂಡಾವೋ. ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ 2023ರ ಮೇ ತಿಂಗಳಲ್ಲಿ ಭ್ರೂಣ ವರ್ಗಾವಣೆಯಿಂದ ಮಾರ್ವಾಡಿ ಮರಿಯೊಂದು ಹುಟ್ಟಿತು, 'ರಾಜ್ ಪ್ರಥಮಾ' ಎಂದು ಹೆಸರಿಟ್ಟರು. ವಿಜ್ಞಾನ ಮರಿ ಹುಟ್ಟಿಸಬಹುದು, ಆದರೆ ಹುಟ್ಟಿದ ಮರಿಗೆ ದುಡಿಮೆ ಬೇಕು, ದಾರಿ ಬೇಕು, ಮೈಯುಜ್ಜಲು ಕೈ ಬೇಕು. ಪ್ರದರ್ಶನದ ಕಣದಲ್ಲಿ ಕಿವಿಯ ಬಾಗು ಅಳೆದು ಲಕ್ಷಗಟ್ಟಲೆ ಬೆಲೆ ಕಟ್ಟುವುದರಿಂದ ತಳಿಯ ಅಂದ ಉಳಿದೀತು. ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆಯುವ ಕಸುವು, ಮರಳಲ್ಲಿ ದಾರಿ ತಪ್ಪದ ಬುದ್ಧಿ ಉಳಿಯುವುದು ದುಡಿಸಿಕೊಂಡಾಗ ಮಾತ್ರ. ಆದ್ದರಿಂದಲೇ ಹದವರಿತ ಸವಾರಿ ಪ್ರವಾಸ ಈ ತಳಿಗೆ ಇಂದು ಸಿಗಬಹುದಾದ ಒಳ್ಳೆಯ ಉದ್ಯೋಗ ಎಂದು ನಾನು ತಿಳಿದಿದ್ದೇನೆ.

ಹೋಗಬೇಕೆಂದಿರುವವರಿಗೆ ಎರಡು ಮಾತು. ಮೊದಲು ಊರಲ್ಲೇ ಮೂರು ನಾಲ್ಕು ತಿಂಗಳು ಸವಾರಿ ಕಲಿಯಿರಿ. ಕಲಿಯದವನ ಕುಲುಕಾಟಕ್ಕೆ ಬೆಲೆ ತೆರುವುದು ಕುದುರೆಯ ಬೆನ್ನು. ಡಿಸೆಂಬರ್, ಜನವರಿಯಲ್ಲಿ ಹೋದರೆ ಉಣ್ಣೆ ಬಟ್ಟೆ ಬೇಕೇ ಬೇಕು, ಫತೇಪುರದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಹಣ ಕಟ್ಟುವ ಮೊದಲು ತಂಡದವರನ್ನು ಕೇಳಿ: ಸಾಯಿಸರಿಗೆ ವರ್ಷವಿಡೀ ಸಂಬಳವೇ, ಸೀಸನ್ನಿಗೆ ಮಾತ್ರವೇ? ಹಾಡುವವರಿಗೆ ಎಷ್ಟು ಕೊಡುತ್ತೀರಿ? ಬೇಸಿಗೆಯಲ್ಲಿ ಕುದುರೆಗಳು ಎಲ್ಲಿರುತ್ತವೆ? ಉತ್ತರ ಕೊಡಲು ತಡವರಿಸಿದರೆ ಬೇರೆ ತಂಡ ನೋಡಿ. ಲಾಯ ತಲುಪಿದ ದಿನ, ಕೋಟೆಯ ಕೋಣೆಗೆ ಹೋಗುವ ಮುನ್ನ, ನಿಮಗೆ ಗೊತ್ತುಮಾಡಿದ ಕುದುರೆಯ ತಡಿ ಬಿಚ್ಚಿಸಿ ಬೆನ್ನಿನ ಮೇಲೆ ಅಂಗೈ ಆಡಿಸಿ ನೋಡಿ. ಹುಣ್ಣಿದ್ದರೆ ಏರಬೇಡಿ, ಬೇರೆಯವರನ್ನೂ ಏರಲು ಬಿಡಬೇಡಿ.